ಕೆಚ್ಯಾವಿಗೆ ಬಂದ ಉಡಿ

ಕೆಚ್ಯಾವ್, ಚೀನಾ
16 ಫೆಬ್ರವರಿ 2025, ರವಿವಾರ

ಅತ್ತೆಯವರಿಗೆ ಶರಣು.

ಮಧ್ಯಾಹ್ನ ಮೂರೂವರೆ ಗಂಟೆ. ಇವತ್ತು ಖಾನಾವಳಿಯಲ್ಲಿ ಇಪ್ಪತ್ತಾರು ಮಂದಿ ಉಂಡು ಹೋದರು. ಪಾತ್ರೆ ತೊಳೆದು, ನೆಲ ಒರೆಸಿ, ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತಿದ್ದೇನೆ. ಕೆಳಗೆ ಕಾಲುವೆಯಲ್ಲಿ ಒಬ್ಬ ಮನುಷ್ಯ ದೋಣಿಯ ಮೇಲೆ ನಿಂತು ಉದ್ದನೆಯ ಬಲೆಯಿಂದ ಕಸ ಎತ್ತುತ್ತಿದ್ದಾನೆ. ಹುಬ್ಬಳ್ಳಿಯ ಅರಿವೆ ವ್ಯಾಪಾರಿಯೊಬ್ಬರು ನಾಳೆ ಊರಿಗೆ ಹೊರಡುತ್ತಾರೆ, ಅವರ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ಫೋನಿನಲ್ಲಿ "ಊಟ ಆತೇನು", "ಆತ್ರಿ" ಎಂದ ಮೇಲೆ ನಮ್ಮಿಬ್ಬರಿಗೂ ಮಾತು ಹೊಳೆಯುವುದಿಲ್ಲ. ದಿನಚರಿ ಬರೆಯುವ ರೂಢಿ ಇರುವುದರಿಂದ ನನಗೆ ಹೀಗೆ ಬರೆಯುವುದೇ ಸುಲಭ.

ಇವತ್ತಿಗೆ ನಿಮ್ಮ ಮಗ ತೀರಿಹೋಗಿ ಆರು ತಿಂಗಳು. ಬೆಳಿಗ್ಗೆ ಅವರ ಫೋಟೋದ ಮುಂದೆ ಒಂದು ರೊಟ್ಟಿ, ಸ್ವಲ್ಪ ಎಣಗಾಯಿ ಇಟ್ಟು, ಆಮೇಲೆ ಬಾಗಿಲು ತೆರೆದೆ. ದಿನ ಹೇಗೆ ಹೋಗುತ್ತದೋ ಎಂದು ಹೆದರಿದ್ದೆ. ಮಂದಿ ಬಂದರು, ದಿನ ಹೋಯಿತು.

ಚೀನಿಯರ ಹೊಸ ವರ್ಷದ ರಜೆ ಮುಗಿದಿದೆ. ಅರಿವೆ ಮಾರುಕಟ್ಟೆ ತೆರೆದಿದೆ, ಪರದೇಶದವರೆಲ್ಲ ಮರಳಿ ಬಂದಿದ್ದಾರೆ. ಯೆಮನ್ ದೇಶದ ಅಸದ ದಿನಾ ಬರುತ್ತಾನೆ. ಇಲ್ಲಿಂದ ಬಟ್ಟೆ ಕೊಂಡು ತನ್ನ ದೇಶಕ್ಕೆ ಕಳಿಸುವುದು ಅವನ ಕೆಲಸ. ಮೀನು ಬೇಕೆನಿಸಿದ ದಿನ ತುರ್ಕಿಯವರ ಹೋಟೆಲಿಗೆ ಹೋಗಿ, ಮರುದಿನ ನನ್ನ ಮುಂದೆ ತಪ್ಪು ಮಾಡಿದವನ ಹಾಗೆ ಕೂರುತ್ತಾನೆ. ಸವಣೂರಿನ ದಂಪತಿ ಪವನ, ವೃಂದಾ ಇದ್ದಾರಲ್ಲ, ಅವರು ರವಿವಾರ ತಪ್ಪಿಸುವುದಿಲ್ಲ. ವೃಂದಾಗೆ ಈಗ ಐದು ತಿಂಗಳು. ಅವಳ ತಾಯಿ ಗೋಪಿಕಾಬಾಯಿ ಸವಣೂರಿನಿಂದ ದಿನಾ ಫೋನು ಮಾಡಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳುತ್ತಾರೆ. ಅವಳು ಎಲ್ಲದಕ್ಕೂ ಹೂಂ ಎಂದು, ಆಮೇಲೆ ನನ್ನ ಹತ್ತಿರ ಬಂದು ಮೆಣಸಿನಕಾಯಿ ಚಟ್ನಿ ಕೇಳುತ್ತಾಳೆ.

ಹೊಸದಾಗಿ ಓಲ್ಗಾ ಎಂಬ ರಷ್ಯಾದ ಹೆಣ್ಣುಮಗಳು ಬರುತ್ತಿದ್ದಾಳೆ. ಬಟ್ಟೆಯ ಬಣ್ಣ ಪರೀಕ್ಷೆ ಮಾಡುವವಳು. ಮೊದಲ ದಿನ ನಾನು ನಮ್ಮ ಪದ್ಧತಿಯಂತೆ ರೊಟ್ಟಿ ಹಾಕುತ್ತಾ ಹೋದೆ, ಅವಳು ತಿನ್ನುತ್ತಾ ಹೋದಳು. ಏಳು ರೊಟ್ಟಿ. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ತನುಜಕ್ಕ, ಆಕೀನ ಕೊಲ್ಲಬೇಕಂತ ಮಾಡೀರೇನು?" ಎಂದ ಪವನ.

"ಹೊಟ್ಟಿ ತುಂಬಿದ್ರ ತಾಟಿಗೆ ಕೈ ಅಡ್ಡ ಹಿಡೀತಾರಲ್ಲೇನ್ರಿ?" ಎಂದೆ.

"ಎಲ್ಲೆ ಹಿಡೀತಾರ? ಶಿಗ್ಗಾಂವಿದಾಗ ಹಿಡೀತಾರ. ಆಕಿ ನೀವು ಬೇಜಾರಾಗ್ತೀರಂತ ತಿನ್ನಲಿಕ್ಕತ್ತಾಳ."

ಈಗ ಓಲ್ಗಾ ಒಂದೇ ರೊಟ್ಟಿ ತಿಂದು ಎರಡೂ ಕೈ ತಾಟಿನ ಮೇಲೆ ಇಟ್ಟು ಕೂರುತ್ತಾಳೆ. ಪಲ್ಯ ಹಾಕಲಿಕ್ಕೂ ಜಾಗ ಬಿಡುವುದಿಲ್ಲ.

ಇಲ್ಲಿಯ ಜೋಳ ಕೆಂಪು. ಕುದಿಯುವ ನೀರಿನಲ್ಲಿ ನಾದಿದರೂ ಅಂಚು ಸೀಳುತ್ತದೆ. ನಿಮ್ಮ ಕೈಯ ರೊಟ್ಟಿಯ ಹಾಗೆ ಆಗುವುದಿಲ್ಲ.

ಮನೆಯ ಮಾಲಕಿ ಶೆನ್ ಬಾಯಿ ಕೆಳಗಿನ ತನ್ನ ಅಂಗಿ ಗುಂಡಿಗಳ ಅಂಗಡಿಯಿಂದ ಮೇಲೆ ಬಂದು, ಈ ಜಾಗದ ಕರಾರು ಏಪ್ರಿಲಿಗೆ ಮುಗಿಯುತ್ತದೆ, ಇರುತ್ತೀಯೋ ಹೋಗುತ್ತೀಯೋ ಆ ತಿಂಗಳ ಹತ್ತನೇ ತಾರೀಖಿನೊಳಗೆ ಹೇಳು ಎಂದಳು. ನೋಡುತ್ತೇನೆ ಎಂದೆ. ನವೆಂಬರಿನಲ್ಲಿ ಹೊರಡುವಾಗ ಎಲ್ಲ ಮುಚ್ಚಿ ಯುಗಾದಿಯ ಹೊತ್ತಿಗೆ ಬರುತ್ತೇನೆ ಎಂದು ನಿಮಗೆ ಹೇಳಿದ್ದು ನೆನಪಿದೆ. ಹಳೆಯ ಬೆಂಚುಗಳು ಅಲುಗಾಡುತ್ತಿದ್ದವು, ಎರಡು ಹೊಸವು ಮಾಡಿಸಿದೆ.

ನಿಮ್ಮ ಆರೋಗ್ಯದ ಬಗ್ಗೆ ಬರೆಯಿರಿ.

ತನುಜಾ

*

ಶಿಗ್ಗಾಂವ
2 ಮಾರ್ಚ್ 2025

ತನುಜಾ,

ನಿನ್ನ ಪತ್ರ ಮುಟ್ಟಿತು. ನನ್ನ ಕಣ್ಣಿನ ಚಾಳೀಸು ಒಡದೈತಿ, ಅದಕ್ಕ ಮುದಕವ್ವನ ಸೊಸಿ ಶೀಲಾನ ಕಡಿಂದ ಬರಸಾಕತ್ತೇನಿ. ನಾ ಹೆಂಗ ಹೇಳ್ತೇನಿ ಹಂಗ ಬರೀ, ಶುದ್ಧ ಮಾಡಬ್ಯಾಡ ಅಂದೇನಿ.

ಇಲ್ಲೆ ಎಲ್ಲಾ ಚಲೋ ಐತಿ. ಜ್ವಾಳ ಬಂದಾವ, ಪ್ಯಾಟಿಗೆ ಗಾಡಿ ಬರಾಕತ್ತಾವ, ಹಮಾಲರು ಡ್ರೈವರ್‌ಗಳು ಹನ್ನೊಂದಕ್ಕ ನಮ್ಮ ಖಾನಾವಳಿಗೆ ಬಂದು ಕುಂದರ್ತಾರ. ಕಾಲೇಜಿನ ಮಾಸ್ತರರು ಒಂದಕ್ಕ. ಮುದಕವ್ವ ದುಂಡಸಿ ಬಸ್ಸಿಗೆ ಏಳಕ್ಕ ಬರ್ತಾಳ, ರೊಟ್ಟಿ ಬಡಿಯೋದು ಸದ್ಯಕ್ಕ ಆಕೀನ ನೋಡ್ತಾಳ. ನಿನ್ನ ಹಂಚು ಒರಸಿ ಮ್ಯಾಲ ಇಟ್ಟೇನಿ, ಯಾರಿಗೂ ಮುಟ್ಟಗೊಟ್ಟಿಲ್ಲ.

ಬೆಂಚು ಮಾಡಿಸಿದ್ದು ಚಲೋ ಆತು.

ಇಪ್ಪತ್ತಾರು ಮಂದಿ ಉಂಡರು ಅಂತ ಬರದಿ. ನೀ ಎಷ್ಟಕ್ಕ ಉಂಡಿ, ಯಾರ ಜೋಡಿ ಕುಂತು ಉಂಡಿ, ಅದನ್ನ ಬರೀಲಿಲ್ಲ. ಸವಣೂರ ಹುಡುಗಿ ಚಂದಾಗಿ ಇರಲಿ. ಆಕಿ ಅವ್ವ ಅಲ್ಲಿಂದ ಫೋನಿನ್ಯಾಗ ಒದರಿ ಏನು ಮಾಡ್ತಾಳ, ಕೈಗೆ ಎಟುಕೋ ಹಂಗ ನೀ ಅದಿ.

ಸವಣೂರ ಪೀರಸಾಬ ಅರಿವಿ ತರಾಕ ಅಲ್ಲಿಗೆ ಹೊಂಟಾನ. ಅವನ ಕೈಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಳಿಸೇನಿ. ಬ್ಯಾರೆ ಒಂದು ಗಂಟು ಐತಿ. ಅದರಾಗ ಉಡಿ ತುಂಬೋ ಸಾಮಾನು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣಕೊಂಬು, ಅಡಿಕಿ, ಕುಬಸದ ಖಣ, ಎಲ್ಲಾ ಐತಿ. ಶುಕ್ರವಾರ ನೋಡಿ, ಪೂರ್ವಕ್ಕ ಮಾರಿ ಮಾಡಿ ಕುಂದ್ರಿಸಿ, ಅಲ್ಲೆ ಇದ್ದ ಹೆಣ್ಮಕ್ಕಳ ಕೈಲೆ ತುಂಬಸ್ರಿ. ಹೆಚ್ಚಿಗೆ ಹೇಳಂಗಿಲ್ಲ, ನಿನಗ ತಿಳೀತೈತಿ.

ಯುಗಾದಿ ಮೂವತ್ತಕ್ಕ ಐತಿ.

ವೀರವ್ವ

*

ಕೆಚ್ಯಾವ್
16 ಮಾರ್ಚ್ 2025, ರವಿವಾರ

ಅತ್ತೆಯವರಿಗೆ ಶರಣು.

ಪೀರಸಾಬ ಬುಧವಾರ ಬಂದರು. ರೊಟ್ಟಿ ಒಂದೂ ಮುರಿದಿರಲಿಲ್ಲ. ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ ಎಂದರು.

ಈಗ ರಂಜಾನ್ ಇರುವುದರಿಂದ ನಾನು ಸಂಜೆಯೂ ಅಡುಗೆ ಮಾಡುತ್ತಿದ್ದೇನೆ. ಆರು ಗಂಟೆಗೆ ಸರಿಯಾಗಿ ಅಸದ, ಅವನ ಗೆಳೆಯರು ಇಬ್ಬರು, ಈಗ ಪೀರಸಾಬರು ಬಂದು ಕೂರುತ್ತಾರೆ. ಖರ್ಜೂರ ಅಸದ ತರುತ್ತಾನೆ, ಕಲ್ಲಂಗಡಿ ಪವನ ಹೆಚ್ಚುತ್ತಾನೆ. ಶೆನ್ ಬಾಯಿಗೆ ಇದೆಲ್ಲ ಬಲು ತಮಾಷೆ. ಇಡೀ ದಿನ ನೀರು ಕೂಡ ಕುಡಿಯುವುದಿಲ್ಲವೇ ಎಂದು ದಿನಾ ಹೊಸದಾಗಿ ಕೇಳಿ, ಒಂದು ಥರ್ಮಾಸು ಬಿಸಿನೀರು ತಂದಿಡುತ್ತಾಳೆ. ಇವರ ಪ್ರಕಾರ ಬಿಸಿನೀರಿಗೆ ಗುಣವಾಗದ ರೋಗವಿಲ್ಲ.

ಆ ಬುಧವಾರ ಪೀರಸಾಬರು ಮೊದಲ ತುತ್ತು ತಿಂದವರೇ, ಒದ್ದೆ ನೆಲದ ಮೇಲೆ ನಾನು ಸಾರಿನ ಪಾತ್ರೆ ಎತ್ತುವುದನ್ನು ನೋಡಿ, "ಹುಷಾರಿ ಅಕ್ಕಾರ, ನೀವೂ ಅವ್ವಾರಂಗ ಕೈ ಮುರಕೊಂಡೀರಿ" ಎಂದರು.

"ಯಾರ ಕೈ ಮುರದೈತ್ರಿ?" ಎಂದೆ.

ಅವರು ತಟ್ಟೆಯ ಕಡೆಗೆ ನೋಡಿದರು. "ಹೇಳಬ್ಯಾಡ ಅಂದಿದ್ರು. ಚಾಳೀಸಿನ ಸುದ್ದಿ ಬರಸೀನಿ, ನೀನೂ ಅದನ್ನ ಹೇಳು ಅಂದಿದ್ರು. ರೋಜಾದಾಗ ಸುಳ್ಳು ಹೆಂಗ ಹೇಳ್ಲಿ?"

"ರೋಜಾ ಈಗ ಬಿಟ್ಟೀಯಲ್ಲ, ಈಗ ಹೇಳಬಹುದಾಗಿತ್ತು" ಎಂದ ಅಸದ. ಅವನು ಮಾತಾಡುವುದು ಮಾರುಕಟ್ಟೆಯ ಹಿಂದಿ, ನಮ್ಮ ಮಾತು ಅರ್ಧ ತಿಳಿಯುತ್ತದೆ, ಆದರೆ ಕಾಲೆಳೆಯುವುದು ನಮ್ಮವರ ಹಾಗೆಯೇ.

ಜನವರಿಯಲ್ಲಿ ಹಿತ್ತಲಲ್ಲಿ ಜಾರಿ ಬಿದ್ದಿರಿ, ಬಲಗೈ ಮಣಿಕಟ್ಟು ಮುರಿಯಿತು, ಪ್ಲಾಸ್ಟರು ತೆಗೆದ ಮೇಲೂ ಬೆರಳು ಸರಿಯಾಗಿ ಮಡಚುತ್ತಿಲ್ಲ ಎಂದು ತಿಳಿಯಿತು. ನನಗೆ ಹೇಳದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಂಡಿಲ್ಲ. ನೀವು ಹಂಚು ಒರೆಸಿ ಇಟ್ಟೇನಿ, ಯುಗಾದಿ ಮೂವತ್ತಕ್ಕೆ ಎಂದು ಬರೆದದ್ದರ ಅರ್ಥ ಆಗ ಆಯಿತು. ನಾನೇ ತಡ ಮಾಡಿದೆ.

ಏಪ್ರಿಲ್ ಹದಿನಾಲ್ಕಕ್ಕೆ ಟಿಕೆಟ್ ತೆಗೆದಿದ್ದೇನೆ. ಶೆನ್ ಬಾಯಿಗೆ ಹೋಗುತ್ತೇನೆ ಎಂದು ಹೇಳಿದೆ. ಅವಳು, ಹತ್ತನೇ ತಾರೀಖು ಅಂದಿದ್ದೆ, ಹತ್ತಕ್ಕೆ ಕೇಳುತ್ತೇನೆ, ಅಲ್ಲಿಯ ತನಕ ನನಗೆ ಕಿವಿ ಕೇಳಿಸುವುದಿಲ್ಲ ಎಂದು ಕೆಳಗಿಳಿದು ಹೋದಳು. ಪಾತ್ರೆಗಳನ್ನು ಪಂಜಾಬಿ ಹೋಟೆಲಿನವರು ಕೊಳ್ಳುತ್ತಾರಂತೆ. ಬೆಂಚು ಅವರಿಗೆ ಬೇಡವಂತೆ.

ಉಡಿಯ ವಿಷಯ. ವೃಂದಾ ಬಗ್ಗೆ ಬರೆದಿದ್ದನ್ನು ನೆನಪಿಟ್ಟು ಅವಳಿಗೆ ಉಡಿ ಕಳಿಸಿದಿರಿ, ನಿಮ್ಮ ದೊಡ್ಡ ಮನಸ್ಸು. ಮೊನ್ನೆ ಶುಕ್ರವಾರ ಮಧ್ಯಾಹ್ನ ಊಟದ ಮಂದಿ ಹೋದ ಮೇಲೆ ಅವಳನ್ನು ಕೂರಿಸಿದೆವು. ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡು ಬಂದಿದ್ದಳು. ಇಲ್ಲಿ ಇನ್ನೂ ಚಳಿ. ನಾನು ತುಂಬುವಂತಿಲ್ಲವಲ್ಲ. ಹೀಗಾಗಿ ಶೆನ್ ಬಾಯಿಯನ್ನೂ ಓಲ್ಗಾಳನ್ನೂ ಕರೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಕೊಟ್ಟೆ. ಐದು ಸಲ ಬೊಗಸೆ ತುಂಬಿ ಹಾಕಬೇಕು ಎಂದರೆ ಓಲ್ಗಾ ಒಂದೊಂದು ಸಲವೂ ನನ್ನ ಕಡೆ ನೋಡಿ ಬೆರಳು ಎಣಿಸಿದಳು. ಶೆನ್ ಬಾಯಿ ಎರಡು ಬೇಯಿಸಿದ ಮೊಟ್ಟೆಗೆ ಕೆಂಪು ಬಣ್ಣ ಹಚ್ಚಿ ತಂದಿದ್ದಳು, ಕೂಸಿಗೆ ಒಳ್ಳೆಯದಂತೆ. ಉಡಿಯಲ್ಲಿ ಮೊಟ್ಟೆ ಕಂಡು ವೃಂದಾ, "ನಮ್ಮ ಅವ್ವ ನೋಡಿದ್ರ ಇಲ್ಲಿಂದ ಸವಣೂರ ತನಕ ಗಂಗಾ ಸ್ನಾನ ಮಾಡಸ್ತಾಳ" ಎಂದಳು. ನಗುವುದರಲ್ಲಿ ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

"ನೀವ್ಯಾಕ ಬಾಗಿಲದಾಗ ನಿಂತೀರಿ, ಒಳಗ ಬರ್ರಿ" ಎಂದು ಅವಳು ಎರಡು ಸಲ ಕರೆದಳು. ಒಲೆಯ ಮೇಲೆ ಸಾರು ಇದೆ ಎಂದೆ.

ನೀವು ಕೇಳಿದ್ದಿರಿ, ನಾನು ಯಾವಾಗ ಉಣ್ಣುತ್ತೇನೆ ಎಂದು. ಎಲ್ಲರೂ ಉಂಡ ಮೇಲೆ, ಅಡುಗೆಮನೆಯಲ್ಲೇ. ಅದಕ್ಕೇನೂ ತೊಂದರೆಯಿಲ್ಲ.

ಪತ್ರ ಪೀರಸಾಬರ ಕೈಯಲ್ಲಿ ಕೊಡುತ್ತಿದ್ದೇನೆ. ಕೈಗೆ ಎಳ್ಳೆಣ್ಣೆ ಕಾಯಿಸಿ ತಿಕ್ಕಿಸಿಕೊಳ್ಳಿರಿ. ಬರುವ ತನಕ ಭಾರ ಎತ್ತಬೇಡಿರಿ.

ತನುಜಾ

*

ಶಿಗ್ಗಾಂವ
1 ಏಪ್ರಿಲ್ 2025

ತನುಜಾ,

ಇದನ್ನೂ ಶೀಲಾನ ಬರಿಯಾಕತ್ತಾಳ. ಪೀರಸಾಬ ರಂಜಾನ್ ಹಬ್ಬದ ಸುರಕುಂಬಾ ಕೊಡಾಕ ಈಗ ಬಂದ, ಜೋಡಿ ನಿನ್ನ ಪತ್ರ ಕೊಟ್ಟ. ವಾರ ಆತಂತ ಊರಿಗೆ ಬಂದು, ಚೀಲದಾಗ ಮರತಿದ್ನಂತ. ಬಯ್ದೇನಿ. ಇದನ್ನ ಬರದು ಮುಗಿಯೋ ತನಕ ಇಲ್ಲೇ ಕುಂದರ್ಸೇನಿ, ಫೋಟೋ ಹೊಡದು ಪವನನ ಫೋನಿಗೆ ಹಾಕಂದ್ರ ಹೂಂ ಅಂದಾನ.

ಆ ಉಡಿ ಸವಣೂರ ಹುಡುಗೀದಲ್ಲ. ನಿಂದು.

ನಿನಗ ಅಂತ ಬರಸಾಕ ಬಾಯಿ ಬರಲಿಲ್ಲ. ಶೀಲಾ ಮುಂದ ಕುಂತಿದ್ಳು, ಮಂದಿ ಏನಂತಾರ ಅನಿಸ್ತು. ತಿಳಕೋತಿ ಅಂದ್ಕೊಂಡೆ. ಅರವತ್ತೆಂಟು ವರ್ಷಕ್ಕೂ ಮಂದಿಗೆ ಅಂಜೋದು ಹೋಗಿಲ್ಲ ನನಗ.

ಹೆಣ್ಣಮಗಳು ಮನಿ ಬಿಟ್ಟು ಹೊಂಟಾಗ ಉಡಿ ತುಂಬಿ ಕಳಸ್ತೇವಿ. ನವೆಂಬರದಾಗ ನೀ ಹೊಂಟಾಗ ನಾ ಅಕ್ಕಿ ತಾಟಿನ್ಯಾಗ ಹಾಕಿ ಇಟ್ಟಿದ್ದೆ. ನಿಮ್ಮ ಹಿರೇಕೆರೂರ ಅತ್ತಿ ಬಂದು, ಗಂಡ ಸತ್ತಾಕಿಗೆ ಯಾತರ ಉಡಿ, ತಗದಿಡು ಅಂದ್ಳು. ತಗದಿಟ್ಟೆ. ನೀ ಬರೀ ಸೆರಗಿಲೆ ಬಸ್ ಹತ್ತಿದಿ. ಪ್ರಶಾಂತನ ಅಪ್ಪ ಹೋದಾಗ ನನಗೂ ಹಂಗ ಮಾಡಿದ್ರು, ನಾ ಅದನ್ನ ಮರತಿಲ್ಲ, ಆದ್ರೂ ನಿನಗ ಅದನ್ನ ಮಾಡಿದೆ. ಇದು ಕೈ ಮುರದದ್ದಕ್ಕಿಂತ ಹೆಚ್ಚು ನೋಯಿಸೈತಿ.

ನಿನ್ನ ಪತ್ರದಾಗ ಬೆಂಚಿನ ಸುದ್ದಿ ಕೇಳಿದಾಗ ನನಗ ತಿಳೀತು. ಅಂಗಡಿ ಮುಚ್ಚಾಕ ಹೋದಾಕಿ ಬೆಂಚು ಮಾಡಸ್ತಾಳೇನು? ಆಕಿ ಅಲ್ಲೆ ಇರ್ತಾಳ, ಇರಲಿ, ಹಂಗಾದ್ರ ಚಂದಾಗಿ ಕಳಸೂಣು ಅಂತ ಆ ಗಂಟು ಕಟ್ಟಿದೆ. ನೀ ಅದನ್ನ ತಗೊಂಡು ಬ್ಯಾರೇದವರ ಉಡಿಗೆ ಹಾಕಿ, ಟಿಕೀಟ ತಗಿಸಿ ಕುಂತಿ.

ಇನ್ನೊಂದು. ಯುಗಾದಿ ದಿನ ಬೇವು ಬೆಲ್ಲ ಕೊಟ್ಟು ಮುದಕವ್ವಗ ಹೇಳಿಬಿಟ್ಟೇನಿ, ಇನ್ನ ಮುಂದ ಖಾನಾವಳಿ ನೀನು ನಿನ್ನ ಸೊಸಿ ನಡಸ್ರಿ, ನಾ ಬಾಗಿಲದಾಗ ಕುರ್ಚಿ ಹಾಕ್ಕೊಂಡು ಕುಂದರ್ತೇನಿ ಅಂತ. ಹೋದ ವರ್ಷನ ಕೊಡಬೇಕಂತ ಇದ್ದೆ. ನೀ ಬಂದ್ರ ನಿನ್ನ ಕೈಗೆ ಏನರ ಒಂದು ಕೆಲಸ ಇರಲಿ ಅಂತ ಹಿಡದು ಕುಂತಿದ್ದೆ. ಮುದಕವ್ವ ಅಂದ್ಳು, ಯವ್ವಾ, ನೀ ಬಿಟ್ಟಿದ್ರ ನನ್ನ ರೊಟ್ಟಿ ಹೋದ ವರ್ಷನ ಚಲೋ ಆಗ್ತಿದ್ದುವು, ನೀ ಹಿಂದ ನಿಂತು ನೋಡ್ತೀಯಲ್ಲ, ಅದಕ್ಕ ಹರೀತಾವ ಅಂತ.

ಪೀರಸಾಬ ಹೇಳ್ದ, ಅವ್ವಾರ, ನಿಮ್ಮ ಸೊಸಿ ಅಲ್ಲೆ ನಗ್ತಾರ್ರಿ ಅಂತ. ಹೆಂಗ ನಗ್ತಾಳೋ ಅಂದೆ. ಜೋರಾಗಿ ಅಂದ. ಪ್ರಶಾಂತ ಇದ್ದಾಗ ನಗ್ತಿದ್ದಿ, ಆಮ್ಯಾಲ ಇಲ್ಲೆ ಮೂರು ತಿಂಗಳು ಇದ್ದಿ, ನಾ ಒಂದ ಸಲ ಕೇಳಲಿಲ್ಲ.

ಬರಬೇಕಂದ್ರ ಬಾ. ನನ್ನ ಸಲುವಾಗಿ ಬರಬ್ಯಾಡ.

ವೀರವ್ವ

*

ಕೆಚ್ಯಾವ್
9 ಏಪ್ರಿಲ್ 2025, ಬುಧವಾರ

ಅತ್ತೆಯವರಿಗೆ ಶರಣು.

ಸಂಜೆ ಐದು ಗಂಟೆ. ನಿಮ್ಮ ಪತ್ರ ಪವನನ ಫೋನಿಗೆ ಬಂದು ಎಂಟು ದಿನವಾಯಿತು. ಅವನು ಫೋನು ನನ್ನ ಕೈಗೆ ಕೊಟ್ಟು, ಓದದೆ, ಕಿಟಕಿಯ ಕಡೆಗೆ ಹೋಗಿ ನಿಂತ. ನಾನು ಓದಿ ಫೋನು ಮರಳಿ ಕೊಟ್ಟೆ, ರೊಟ್ಟಿ ಬಡಿಯಲಿಕ್ಕೆ ಹೋದೆ. ಉತ್ತರ ಬರೆಯಲು ಎಂಟು ದಿನ ಹಿಡಿಯಿತು. ದಿನಚರಿಯಲ್ಲಿ ಮೂರು ದಿನ ಬರೀ ತಾರೀಖು ಇದೆ.

ಮೊದಲು ನನ್ನ ತಪ್ಪು ಬರೆಯುತ್ತೇನೆ. ನನಗೆ ಇಲ್ಲಿ ಇರಬೇಕೆನಿಸಿದ್ದು ಜನವರಿಯಲ್ಲಿಯೇ. ಅವರು ತೀರಿಕೊಂಡ ಜಾಗದಲ್ಲಿ ಚಂದಾಗಿ ಇದ್ದೇನೆ ಎಂದು ನಿಮಗೆ ಬರೆಯುವುದು ಹೇಗೆ ಎಂದು ಗೊತ್ತಾಗಲಿಲ್ಲ. ಅದಕ್ಕೇ ಕೊನೆಗೆ ಬೆಂಚಿನ ಒಂದು ಸಾಲು ಹಾಕಿ ಬಿಟ್ಟೆ. ನಿಮ್ಮ ಕೈಯ ಸುದ್ದಿ ತಿಳಿದಾಗ ಹೋಗಲು ಒಂದು ಕಾರಣ ಸಿಕ್ಕಿತು. ದುಃಖದ ಜೊತೆಗೆ ಸಮಾಧಾನವೂ ಆಯಿತು, ಇನ್ನು ಯೋಚನೆ ಮಾಡಬೇಕಿಲ್ಲ ಎಂದು. ಅದು ನಿಮ್ಮ ಮೇಲಿನ ಪ್ರೀತಿ ಮಾತ್ರ ಆಗಿರಲಿಲ್ಲ.

ಏಪ್ರಿಲ್ ನಾಲ್ಕಕ್ಕೆ ಇಲ್ಲಿಯವರು ಹಿರಿಯರ ಗೋರಿಗೆ ಹೋಗುವ ಹಬ್ಬ. ಬೆಳಿಗ್ಗೆ ಶೆನ್ ಬಾಯಿ ಹಸಿರು ಬಣ್ಣದ ಕಡಬಿನಂತಹದ್ದೊಂದು ತಟ್ಟೆ ತುಂಬ ತಂದಳು. ಯಾರ ಗೋರಿಗೆ ಹೊರಟಿದ್ದೀ ಎಂದು ಕೇಳಿದೆ. ಗಂಡನದು ಎಂದಳು. ಹತ್ತೊಂಬತ್ತು ವರ್ಷವಾಯಿತಂತೆ. ಎರಡು ವರ್ಷದಿಂದ ದಿನಾ ಮೆಟ್ಟಿಲಲ್ಲಿ ಮಾತಾಡುತ್ತೇವೆ, ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಣ್ಣದ ಅಂಗಿ ಹಾಕುತ್ತಾಳೆ, ಗಂಡ ಎಲ್ಲೋ ಊರಿಗೆ ದುಡಿಯಲು ಹೋಗಿರಬೇಕು ಎಂದುಕೊಂಡಿದ್ದೆ.

ಅತ್ತೆ, ನಾನು ಗಂಡ ಸತ್ತವಳು ಎಂದು ಬಾಗಿಲಲ್ಲಿ ನಿಂತು, ವೃಂದಾಳ ಉಡಿ ತುಂಬಲು ಶೆನ್ ಬಾಯಿಯನ್ನು ಮುಂದೆ ಕಳಿಸಿದ್ದೆ.

ಶೆನ್ ಬಾಯಿಯೂ ಗಂಡ ಸತ್ತವಳು ಎಂದು ಅಂಜುತ್ತ ಅಂಜುತ್ತ ವೃಂದಾಗೆ ಹೇಳಿದೆ. ನಿಮ್ಮ ಪತ್ರದ ಮಾತನ್ನೂ ಹೇಳಿದೆ. ಅವಳು ಹೊಟ್ಟೆ ಮುಟ್ಟಿಕೊಂಡು, "ಕೂಸು ಎರಡೂ ಕಾಲಿಲೆ ಒದೀಲಿಕ್ಕತ್ತದ, ಅದಕ್ಕೇನೂ ಆಗಿಲ್ಲ. ನಿಮಗೇನಾಗೇದ?" ಎಂದಳು. ಉಡಿಯ ಅಕ್ಕಿಯಲ್ಲಿ ಅವಳು ಯುಗಾದಿಗೆ ಪಾಯಸ ಮಾಡಿ ತಂದಿದ್ದಳು. ಅಸದ ಎರಡು ಬಟ್ಟಲು, ಓಲ್ಗಾ ಕೈ ಅಡ್ಡ ಹಿಡಿಯದೆ ಮೂರು ಬಟ್ಟಲು ಕುಡಿದಿದ್ದರು. ನಾನೂ ಕುಡಿದಿದ್ದೆ.

"ತುಂಬಿದ ಉಡಿ ತಿರುಗಿ ಕೊಡಬಾರದು, ಹಿಂಗಾಗಿ ನಾ ಏನೂ ಕೊಡಂಗಿಲ್ಲ" ಎಂದಳು ವೃಂದಾ. "ಖಣನೂ ಕೊಡಂಗಿಲ್ಲ, ಹೊಲಿಲಿಕ್ಕೆ ಹಾಕೇನಿ. ನಿಮ್ಮದು ನಿಮಗ ಬ್ಯಾರೆ ಮಾಡೋಣ."

"ನಿಮ್ಮವ್ವ ಏನಂದಾರು?"

"ಅವ್ವಗ ಹೇಳಿದೆ. ಮೊಟ್ಟಿ ಸುದ್ದಿ ಒಂದು ಬಿಟ್ಟು ಎಲ್ಲಾ ಹೇಳಿದೆ. ಯಾರ್ಯಾರು ತುಂಬ್ತಾರ ಅಂತ ಕೇಳಿದ್ಳು. ಆಮ್ಯಾಲೆ, ಕೊಬ್ಬರಿ ಬಟ್ಟಲು ಇಡೋದು ಮರೀಬ್ಯಾಡ್ರಿ ಅಂದ್ಳು."

ನಿನ್ನೆ ಮಂಗಳವಾರ ತುಂಬಿದರು. ಅಕ್ಕಿ ನಮ್ಮ ಚೀಲದ್ದೇ, ಕೊಬ್ಬರಿ ಪೇಟೆಯದು, ಅರಿಷಿಣಕೊಂಬು ಸಿಗಲಿಲ್ಲ, ಹಸಿಶುಂಠಿ ಇಟ್ಟರು. ಖಣದ ಬದಲು ಅಸದ ತನ್ನ ಕಪಾಟಿನಿಂದ ಮಾದರಿಗೆ ಇಟ್ಟಿದ್ದ ನೀಲಿ ಬಟ್ಟೆಯ ತುಂಡು ಕತ್ತರಿಸಿ ಕೊಟ್ಟ. ಅದರ ಮೂಲೆಯಲ್ಲಿ ನಂಬರಿನ ಚೀಟಿ ಇನ್ನೂ ಇದೆ. ನಾನು ಪೂರ್ವಕ್ಕೆ ಮುಖ ಮಾಡಿ ಹೊಸ ಬೆಂಚಿನ ಮೇಲೆ ಕೂತೆ. ವೃಂದಾ, ಓಲ್ಗಾ, ಶೆನ್ ಬಾಯಿ ಮೂವರೂ ತುಂಬಿದರು. ಗಂಡಸರನ್ನು ಹೊರಗೆ ಕಳಿಸಿದ್ದೆವು, ಆದರೆ ಅಸದ ಮೆಟ್ಟಿಲ ಮೇಲಿಂದ, ಇವತ್ತು ಊಟ ಇದೆಯೋ ಇಲ್ಲವೋ ಎಂದು ಎರಡು ಸಲ ಕೇಳಿದ. ಸೆರಗು ಭಾರವಾಯಿತು. ಆಗ ನಿಮ್ಮನ್ನು ನೆನೆಸಿದೆ.

ಎದ್ದು ಅಡುಗೆಮನೆಗೆ ಹೊರಟರೆ ಶೆನ್ ಬಾಯಿ ಭುಜ ಹಿಡಿದು ಅಲ್ಲೇ ಕೂರಿಸಿದಳು. ಪವನ ಬಡಿಸಿದ. ರೊಟ್ಟಿ ಹಾಕುವಾಗ ಅರ್ಧ ತಾಟಿಗೆ, ಅರ್ಧ ಮೇಜಿಗೆ ಹಾಕಿದ. ಎಲ್ಲರ ಜೊತೆ ಕೂತು ಉಂಡೆ, ಮಧ್ಯಾಹ್ನ ಒಂದೂವರೆಗೆ. ನೀವು ಕೇಳಿದ್ದಕ್ಕೆ ಇದು ಉತ್ತರ.

ಟಿಕೆಟ್ ರದ್ದು ಮಾಡಿದೆ. ಶ್ರಾವಣದಲ್ಲಿ ಅವರ ವರ್ಷಕ್ಕೆ ಬರುತ್ತೇನೆ, ದುಂಡಸಿಯ ಹೊಲದಲ್ಲಿ ಅವರನ್ನು ಮಣ್ಣು ಮಾಡಿದಲ್ಲಿಗೆ ಇಬ್ಬರೂ ಹೋಗಿ ಹೂವಿಟ್ಟು ಬರೋಣ. ಹಂಚನ್ನು ಕೆಳಗಿಳಿಸಿ ಶೀಲಾಗೆ ಕೊಡಿರಿ, ಬಳಸದೆ ಇಟ್ಟರೆ ತುಕ್ಕು ಹಿಡಿಯುತ್ತದೆ. ಮುದಕವ್ವನ ಹಿಂದೆ ನಿಂತು ನೋಡಬೇಡಿರಿ. ಕೈ ಬೆರಳನ್ನು ದಿನಾ ಬಿಸಿನೀರಿನಲ್ಲಿ ಅದ್ದಿ ಮಡಚಿ ನೋಡಿರಿ. ಶೆನ್ ಬಾಯಿ ಹೇಳಿದ ಮದ್ದು, ನಾನು ಅವಳಿಗೆ ಮಾತು ಕೊಟ್ಟಿದ್ದೇನೆ, ನಿಮಗೆ ಬರೆಯುತ್ತೇನೆ ಎಂದು.

ನಾಳೆ ಹತ್ತನೇ ತಾರೀಖು. ಬೆಳಿಗ್ಗೆ ಹತ್ತೂವರೆಗೆ ಶೆನ್ ಬಾಯಿಯ ಅಂಗಡಿಯಲ್ಲಿ ಕರಾರಿಗೆ ಸಹಿ ಮಾಡಬೇಕು, ಮಧ್ಯಾಹ್ನದ ಊಟಕ್ಕೆ ಹತ್ತೊಂಬತ್ತು ಮಂದಿ ಹೇಳಿದ್ದಾರೆ.

ತನುಜಾ